ಮೇಲ್ಮಹಡಿಗೆ ನಕ್ಷೆ ಇಲ್ಲದ ಮನೆಯನ್ನು ಮಾರಬಹುದೇ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆಯವರಿಗೆ ಹಂಚಿಕೆಯಾಗಿದ್ದ 30x40 ಅಡಿ ನಿವೇಶನದಲ್ಲಿ, 1991ರಲ್ಲಿ ನಕ್ಷೆ ಮಂಜೂರು ಮಾಡಿಸಿ ಕಟ್ಟಿದ ಮನೆಯಿದೆ. 2004ರಲ್ಲಿ ನಕ್ಷೆಯಿಲ್ಲದೆ ಮೊದಲನೇ ಮಹಡಿ ಕಟ್ಟಿಸಿ, ಹಿಂಬದಿಯಲ್ಲಿ ಬಿಟ್ಟಿದ್ದ ಖಾಲಿ ಜಾಗಕ್ಕೆ ಒಂದು ಕೋಣೆಯನ್ನೂ ಸೇರಿಸಿದರು. 2009ರಲ್ಲಿ ಪಕ್ಕದವರ ದೂರಿನ ಮೇಲೆ ಪಾಲಿಕೆಯಿಂದ ನೋಟಿಸು ಬಂತು. ತಂದೆಯವರು ಉತ್ತರ ಕೊಟ್ಟರು. ಆಮೇಲೆ ಯಾರೂ ಬರಲಿಲ್ಲ. ಈಗ ಅವರಿಲ್ಲ. ನೋಂದಾಯಿತ ವಿಭಾಗಪತ್ರದಲ್ಲಿ ಮನೆ ನನ್ನ ಪಾಲಿಗೆ ಬಂದು, ಖಾತೆಯೂ ನನ್ನ ಹೆಸರಿಗಾಗಿದೆ. ಮಾರಬೇಕೆಂದಿದ್ದೇನೆ. ಕೊಳ್ಳಲು ಬಂದವರು ಬ್ಯಾಂಕ್ ಸಾಲ ತೆಗೆಯುವವರು. ಮಧ್ಯವರ್ತಿಯವರು "ನೋಟಿಸಿನ ಸುದ್ದಿ ಎತ್ತಬೇಡಿ, ಕ್ರಯಪತ್ರದಲ್ಲಿ ಕೆಳಮನೆ ಮಾತ್ರ ಬರೆಸೋಣ, ಬ್ಯಾಂಕು ಒಪ್ಪದಿದ್ದರೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಟ್ಟರಾಯಿತು" ಎನ್ನುತ್ತಾರೆ. ಮೊದಲು ಸಕ್ರಮ ಮಾಡಿಸಿಕೊಳ್ಳಬೇಕೇ, ಇರುವ ಹಾಗೆಯೇ ಮಾರಬಹುದೇ? ದಾಖಲೆಗಳ ನಕಲುಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಮಾರಬಹುದು. ಕಟ್ಟಡದ ಒಂದು ಭಾಗಕ್ಕೆ ನಕ್ಷೆಯಿಲ್ಲವೆಂಬ ಒಂದೇ ಕಾರಣಕ್ಕೆ ಮಾಲೀಕರ ಮಾರುವ ಹಕ್ಕು ಹೋಗುವುದಿಲ್ಲ. ನಿವೇಶನದ ಹಕ್ಕುಪತ್ರ, ವಿಭಾಗಪತ್ರ, ಋಣಭಾರ ಪ್ರಮಾಣಪತ್ರ ಇವು ಸರಿಯಾಗಿದ್ದು ಇ-ಖಾತೆ ನಿಮ್ಮ ಹೆಸರಿನಲ್ಲಿದ್ದರೆ ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗುತ್ತದೆ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಸ್ವತ್ತಿನ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ, ನಿಮ್ಮ ಕೈಯಲ್ಲಿರುವುದು ಹಳೆಯ ಖಾತೆ ಪತ್ರ ಮಾತ್ರವಾಗಿದ್ದರೆ ವಲಯ ಕಚೇರಿಯಲ್ಲಿ ಆ ಕೆಲಸವನ್ನು ಈಗಲೇ ಆರಂಭಿಸಿ. ನಿಮ್ಮ ವ್ಯವಹಾರ ಕೆಡುವ ಸಾಧ್ಯತೆಯಿರುವುದು ನೋಂದಣಿ ಕಚೇರಿಯಲ್ಲಲ್ಲ. ಕೊಳ್ಳುವವರ ಬ್ಯಾಂಕಿನಲ್ಲಿ, ಅಥವಾ ಮಾರಿದ ಒಂದೆರಡು ವರ್ಷಗಳ ನಂತರ ನ್ಯಾಯಾಲಯದಲ್ಲಿ. ಮಧ್ಯವರ್ತಿಯವರ ಮೂರು ಸಲಹೆಗಳೂ ಈ ಎರಡನೆಯ ಅಪಾಯವನ್ನು ನೇರವಾಗಿ ನಿಮ್ಮ ತಲೆಗೆ ತರುವಂಥವು. ಇರುವ ದೋಷವನ್ನು ಕಾಗದದ ಮೇಲೆ ಬರೆದು, ಬೆಲೆಯಲ್ಲಿ ಲೆಕ್ಕ ಹಾಕಿ, ಗೊತ್ತಿದ್ದೇ ಕೊಳ್ಳುವವರಿಗೆ ಮಾರುವುದೊಂದೇ ನಿಮಗೆ ಸುರಕ್ಷಿತವಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಬ್ಬರಿಗೆ ಮನೆ ತೋರಿಸುವ ಮೊದಲು, ಬೇರೆ ಬೇರೆ ಕಡೆ ಬರೆದಿರುವ ಅಳತೆಗಳನ್ನು ಒಂದೇ ಹಾಳೆಗೆ ತನ್ನಿ. ನೀವು ಕಳಿಸಿರುವ ನಕಲುಗಳ ಪ್ರಕಾರ 1991ರ ನಕ್ಷೆಯಲ್ಲಿ ನೆಲಮಹಡಿ 720 ಚದರ ಅಡಿ. ಆಸ್ತಿ ತೆರಿಗೆಯ ಸ್ವಯಂ ಘೋಷಣೆಯಲ್ಲಿ, ಮೇಲಿನದು 330 ಚದರ ಅಡಿಯ ಒಂದು ಕೋಣೆ ಮಾತ್ರ ಎಂಬಂತೆ ತೋರಿಸಿ, ಒಟ್ಟು 1,050 ಎಂದಿದೆ. ನಿಮ್ಮ ಎಂಜಿನಿಯರ್ ಟೇಪು ಹಿಡಿದು ಅಳೆದಿರುವುದು ಕೆಳಗೆ 790, ಮೇಲೆ 690, ಒಟ್ಟು 1,480. ಒಂದೇ ಮನೆಗೆ ಮೂರು ಲೆಕ್ಕ. ಕೊಳ್ಳುವವರ ಬ್ಯಾಂಕಿನ ಮೌಲ್ಯಮಾಪಕರು ಬಂದ ದಿನ ಮೊದಲು ಕೈಯಿಡುವುದು ಇಲ್ಲಿಗೇ. ಅವರ ವರದಿಯಲ್ಲಿ ಮಂಜೂರಾದ ವಿಸ್ತೀರ್ಣಕ್ಕೊಂದು ಕಾಲಂ, ಸ್ಥಳದಲ್ಲಿರುವ ವಿಸ್ತೀರ್ಣಕ್ಕೊಂದು ಕಾಲಂ ಇರುತ್ತದೆ, ಎರಡರ ನಡುವಿನ ಅಂತರವನ್ನು ಅವರು ವಿವರಿಸಲೇಬೇಕಾಗುತ್ತದೆ. ಆ ವಿವರಣೆ ಅವರ ಬಾಯಿಂದ ಬರುವ ಬದಲು ಮೊದಲೇ ನಿಮ್ಮಿಂದ ಬಂದಿದ್ದರೆ ಮಾತುಕತೆಯ ಧಾಟಿಯೇ ಬೇರೆಯಾಗಿರುತ್ತದೆ.

ನಕ್ಷೆಯನ್ನು ಓದುವಾಗ ಕೋಣೆಗಳ ಅಳತೆಗಿಂತ ಮುಖ್ಯವಾದದ್ದು ಹಾಳೆಯ ಒಂದು ಮೂಲೆಯಲ್ಲಿ ಚಿಕ್ಕದಾಗಿ ಬರೆದಿರುವ ನಿವೇಶನ ನಕ್ಷೆ. ನಾಲ್ಕೂ ಕಡೆ ಎಷ್ಟೆಷ್ಟು ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್ ಬಿಡಬೇಕೆಂದು ಅಲ್ಲಿಯೇ ಇರುತ್ತದೆ. ಮಂಜೂರಾತಿಯ ಮೊಹರು, ಪರವಾನಗಿ ಸಂಖ್ಯೆ, ದಿನಾಂಕ, ಅಂಚಿನಲ್ಲಿ ಬರೆದ ಷರತ್ತುಗಳು ಕೂಡ ಅಲ್ಲೇ ಸುತ್ತಮುತ್ತ ಸಿಗುತ್ತವೆ. ನಿಮ್ಮ ನಕ್ಷೆಯಲ್ಲಿ ಹಿಂಬದಿಗೆ 5 ಅಡಿ ಎಂದಿದೆ. ಸ್ಥಳದಲ್ಲಿ ಕಾಂಪೌಂಡಿನ ಒಳಮೈಯಿಂದ ಹಿಂದಿನ ಕೋಣೆಯ ಹೊರಗೋಡೆಯವರೆಗೆ ಉಳಿದಿರುವುದು ಒಂದೂವರೆ ಅಡಿ. ಆದರೆ ಅದನ್ನು ಅಳೆಯುವ ಮೊದಲು ನಿವೇಶನವನ್ನೇ ಒಮ್ಮೆ ಅಳೆಸಿ, ಏಕೆಂದರೆ ಹಳೆಯ ಬಡಾವಣೆಗಳಲ್ಲಿ ಕಾಂಪೌಂಡು ಅರ್ಧ ಅಡಿ ಆಚೆಗೋ ಈಚೆಗೋ ಕೂತಿರುವುದು ಅಪರೂಪವೇನಲ್ಲ, ಮತ್ತು ಪಕ್ಕದವರೊಂದಿಗೆ ಹಿಂದೆ ತಕರಾರಾಗಿದ್ದಲ್ಲಿ ಆ ಅರ್ಧ ಅಡಿಯೇ ಮುಂದೆ ದೊಡ್ಡ ವಿಷಯವಾಗುತ್ತದೆ.

ತೆರಿಗೆ ಘೋಷಣೆಯನ್ನು ತಡಮಾಡದೆ ಸರಿಪಡಿಸಿ. ಬಾಕಿಯ ಜೊತೆ ದಂಡವನ್ನೂ ಕಟ್ಟಬೇಕಾದೀತು, ಆದರೆ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ ಕ್ರಯದ ದಿನದವರೆಗಿನ ಸಾರ್ವಜನಿಕ ಬಾಕಿಗಳೆಲ್ಲ ಹೇಗೂ ಮಾರುವವರ ಹೊಣೆಯೇ. ಪೂರ್ತಿ ವಿಸ್ತೀರ್ಣಕ್ಕೆ ತೆರಿಗೆ ಕಟ್ಟಿದ ಮಾತ್ರಕ್ಕೆ ಮೇಲ್ಮಹಡಿ ಸಕ್ರಮವಾಗುತ್ತದೆಂದು ಮಾತ್ರ ಭಾವಿಸಬೇಡಿ. ಖಾತೆಯೂ ಹಾಗೆಯೇ: ಅದು ತೆರಿಗೆಯ ದಾಖಲೆ. ಮೇಲಿನ ಮನೆಗೆ ಪ್ರತ್ಯೇಕ ವಿದ್ಯುತ್ ಮೀಟರು ಇರುವುದೂ ಮಂಜೂರಾತಿಗೆ ಸಮವಲ್ಲ. ಆದರೂ ಆ ಮೀಟರಿನ ಸಂಪರ್ಕ ಕೊಟ್ಟ ದಿನಾಂಕದ ಕಾಗದವನ್ನು, 2004-05ರಿಂದೀಚಿನ ತೆರಿಗೆ ರಸೀದಿಗಳನ್ನು ಜೋಪಾನವಾಗಿಡಿ. ಮಹಡಿ ಕಟ್ಟಿದ ಕಾಲವನ್ನು ತೋರಿಸಲು ನಿಮ್ಮಲ್ಲಿರುವ ಸಾಕ್ಷಿ ಅವೇ, ಅವು ಏಕೆ ಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಈಗ 2009ರ ನೋಟಿಸಿನ ವಿಷಯ. ನಿಮ್ಮ ಪತ್ರದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ಆದರೆ ಇಡೀ ಪ್ರಕರಣದಲ್ಲಿ ತೂಕವಿರುವ ಕಾಗದ ಅದೇ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ 321ನೇ ಕಲಂ ಅನಧಿಕೃತ ಕಟ್ಟಡದ ಮೇಲಿನ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಮೊದಲು 321(1)ರ ಅಡಿಯಲ್ಲಿ ತಾತ್ಕಾಲಿಕ ಆದೇಶ ಹೊರಡುತ್ತದೆ. 321(2)ರ ಅಡಿಯಲ್ಲಿ, ಆ ಆದೇಶವನ್ನು ಏಕೆ ಸ್ಥಿರಪಡಿಸಬಾರದೆಂದು ಕಾರಣ ಕೇಳಲಾಗುತ್ತದೆ. ಮಾಲೀಕರು ಕೊಟ್ಟ ಸಮಜಾಯಿಷಿ ತೃಪ್ತಿಕರವಲ್ಲವೆಂದು ಕಂಡರೆ 321(3)ರ ಅಡಿಯಲ್ಲಿ ಆದೇಶವನ್ನು ಸ್ಥಿರಪಡಿಸಲಾಗುತ್ತದೆ. ನಿಮ್ಮ ತಂದೆಯವರು ಉತ್ತರಿಸಿದ್ದು ಎರಡನೆಯ ಮೆಟ್ಟಿಲಿನಲ್ಲಿ ಎಂಬುದು ನೋಟಿಸಿನ ನಕಲಿನಿಂದ ತಿಳಿಯುತ್ತದೆ. ಮೂರನೆಯ ಮೆಟ್ಟಿಲು ಹತ್ತಿತೋ ಇಲ್ಲವೋ ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಕಾಣುತ್ತಿಲ್ಲ. ಸ್ಥಿರಪಡಿಸಿದ ಆದೇಶವೊಂದು ಕಡತದಲ್ಲಿ ಕೂತಿದ್ದರೆ ನಿಮ್ಮ ಸ್ಥಿತಿ ಒಂದು ಬಗೆ, ನೋಟಿಸು ಅಲ್ಲಿಗೇ ನಿಂತಿದ್ದರೆ ಇನ್ನೊಂದು ಬಗೆ. "ಯಾರೂ ಬರಲಿಲ್ಲ" ಎಂಬುದರಿಂದ ಯಾವುದನ್ನೂ ನಿರ್ಧರಿಸಲಾಗದು.

ಆದ್ದರಿಂದ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹಾಗಾಗಿ ನೋಟಿಸಿನ ಕಡತಕ್ಕೊಂದು, ಮಂಜೂರಾದ ನಕ್ಷೆಯ ದೃಢೀಕೃತ ನಕಲಿಗೊಂದು ಎಂದು ಬೇರೆ ಬೇರೆ ಅರ್ಜಿ ಕೊಡಿ. ನಕ್ಷೆಯ ಅರ್ಜಿಯನ್ನು ಯಾವ ಕಚೇರಿಗೆ ಕೊಡಬೇಕೆಂಬುದನ್ನು ಮೊಹರು ನೋಡಿ ತೀರ್ಮಾನಿಸಿ. ಪ್ರಾಧಿಕಾರ ಅಭಿವೃದ್ಧಿಪಡಿಸಿದ ಬಡಾವಣೆಗಳಲ್ಲಿ ಪಾಲಿಕೆಗೆ ಹಸ್ತಾಂತರವಾಗುವ ಮುಂಚಿನ ನಕ್ಷೆಗಳು ಆಗಿನ ಮುಡಾ, ಈಗಿನ ಮೈಸೂರು ಅಭಿವೃದ್ಧಿ ಪ್ರಾಧಿಕಾರದಲ್ಲಿರುವ ಸಂಭವವುಂಟು, ನಂತರದವು ಪಾಲಿಕೆಯಲ್ಲಿ. ಕಟ್ಟಡ ಪೂರ್ಣಗೊಂಡ ವರದಿ, ಅಂದರೆ ಇಲ್ಲಿ ಎಲ್ಲರೂ ಸಿ.ಆರ್. ಎನ್ನುವ ಕಾಗದ, ನೆಲಮಹಡಿಗೆ ಆಗಿತ್ತೇ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿ. ನೆಲಮಹಡಿಗಾದರೂ ಸಿ.ಆರ್. ಇದ್ದರೆ ಅದು ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ಹಾಳೆ.

ಕಡತದಲ್ಲಿ ಸ್ಥಿರಪಡಿಸಿದ ಆದೇಶ ಕಂಡುಬಂದರೂ ಗಾಬರಿಪಡಬೇಕಾಗಿಲ್ಲ. ಅಂಥ ಆದೇಶದ ಮೇಲೆ 443ಎ ಕಲಂ ಅಡಿಯಲ್ಲಿ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗುವ ದಾರಿಯಿದೆ. ವಿಳಂಬವನ್ನು ಮನ್ನಿಸುವಂತೆ ಕೇಳುವುದು ವಕೀಲರ ಕೆಲಸ, ಆದೇಶ ನಿಮ್ಮ ತಂದೆಯವರಿಗೆ ಜಾರಿಯಾಗಿತ್ತೇ ಎಂಬುದರ ಮೇಲೆ ಅದು ಬಹಳಮಟ್ಟಿಗೆ ನಿಲ್ಲುತ್ತದೆ. ಜೆಸಿಬಿ ನಾಳೆ ಬೆಳಿಗ್ಗೆ ಬಾಗಿಲಿಗೆ ಬರುತ್ತದೆಂಬ ಭಯವೂ ಬೇಡ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಂತೆ, ರಸ್ತೆ, ಕಾಲುದಾರಿ ಮುಂತಾದ ಸಾರ್ವಜನಿಕ ಜಾಗವನ್ನು ಒತ್ತುವರಿ ಮಾಡಿದ ಕಟ್ಟಡಗಳನ್ನು, ನ್ಯಾಯಾಲಯವೇ ಕೆಡವಲು ಆದೇಶಿಸಿದ ಕಟ್ಟಡಗಳನ್ನು ಬಿಟ್ಟರೆ, ಯಾವುದೇ ಕಟ್ಟಡವನ್ನು ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸು ಕೊಟ್ಟು ಮಾಲೀಕರ ಮಾತನ್ನು ಕೇಳಲೇಬೇಕು.

ಸಕ್ರಮ ಮಾಡಿಸಿಕೊಳ್ಳಬೇಕೇ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರಿಸುವಾಗ ಹಿಂದಿನ ಕೋಣೆಯನ್ನೂ ಮೇಲ್ಮಹಡಿಯನ್ನೂ ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಅವು ಎರಡು ಜಾತಿಯ ತಪ್ಪುಗಳು. ಕಟ್ಟುವಾಗ ಆಗುವ ಸಣ್ಣಪುಟ್ಟ ವ್ಯತ್ಯಾಸಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅವಕಾಶ ಕಟ್ಟಡ ಉಪನಿಯಮಗಳಲ್ಲಿ ಬಹುಕಾಲದಿಂದ ಇದೆ, ಬಹುಕಾಲ ಅದರ ಮಿತಿ ಶೇಕಡಾ 5 ಆಗಿತ್ತು. ಇಂದು ಪಾಲಿಕೆಯಲ್ಲಿ ಜಾರಿಯಲ್ಲಿರುವ ಮಿತಿಯನ್ನು ನಗರ ಯೋಜನಾ ವಿಭಾಗದಲ್ಲಿ ಕೇಳಿ ಬರೆದುಕೊಳ್ಳಿ. 5 ಅಡಿ ಸೆಟ್‌ಬ್ಯಾಕಿನಲ್ಲಿ ಶೇಕಡಾ 5 ಎಂದರೆ ಮೂರು ಅಂಗುಲ. ನಿಮ್ಮ ಹಿಂದಿನ ಕೋಣೆ ನುಂಗಿರುವುದು ಮೂರೂವರೆ ಅಡಿ, ಅಂದರೆ ಶೇಕಡಾ 70. ಮಿತಿ ಎಷ್ಟೇ ಸಡಿಲವಾಗಿದ್ದರೂ ಇದು ಅದರೊಳಗೆ ಬರುವುದು ಕಷ್ಟ.

ಮೇಲ್ಮಹಡಿಯ ಕಥೆ ಬೇರೆ. ಅದು ಕೆಳಗಿನ ಮಂಜೂರಾದ 720 ಚದರ ಅಡಿಯ ಗೆರೆಯೊಳಗೇ ನಿಂತಿದೆ, ಸೆಟ್‌ಬ್ಯಾಕಿಗೆ ಚಾಚಿಲ್ಲ. ಅನುಮತಿ ಪಡೆದಿಲ್ಲವೆಂಬುದು ಅದರ ದೋಷವೇ ಹೊರತು, ಕೇಳಿದ್ದರೆ ಅನುಮತಿ ಸಿಗುತ್ತಿರಲಿಲ್ಲ ಎಂಬಂಥದ್ದಲ್ಲ. ಹಿಂದಿನ ಕೋಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಒಟ್ಟು 1,410 ಚದರ ಅಡಿಯಾಗುತ್ತದೆ. 1,200 ಚದರ ಅಡಿಯ ನಿವೇಶನಕ್ಕೆ ನಿಮ್ಮ ರಸ್ತೆಯಲ್ಲಿ ಎಫ್.ಎ.ಆರ್. (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) 1.5 ಎಂದಿಟ್ಟುಕೊಂಡರೂ 1,800 ಚದರ ಅಡಿಯವರೆಗೆ ಅವಕಾಶವಿರುತ್ತದೆ. ಹೀಗೆ ನಿಯಮದೊಳಗೆ ಕೂರುವ ಕಟ್ಟಡಕ್ಕೆ ಈಗಿರುವ ಸ್ಥಿತಿಯ ನಕ್ಷೆಯನ್ನು ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯಿಂದ ಬರೆಸಿ, ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ, ಶುಲ್ಕವನ್ನೂ ದಂಡವನ್ನೂ ಕಟ್ಟಿ ಮಂಜೂರಾತಿ ಕೇಳುವುದು ಸಾಧ್ಯವಿದೆ. 1991ರ ನಿಯಮಗಳಿಗೂ ಇಂದಿನ ವಲಯ ನಿಯಮಗಳಿಗೂ ಸೆಟ್‌ಬ್ಯಾಕಿನಲ್ಲಿ, ವಾಹನ ನಿಲುಗಡೆಯಲ್ಲಿ ವ್ಯತ್ಯಾಸವಿರಬಹುದಾದ್ದರಿಂದ ಅರ್ಜಿಗೆ ಮೊದಲು ಎಂಜಿನಿಯರ್ ಜೊತೆ ಕೂತು ಅದನ್ನು ತಾಳೆ ನೋಡಿ. ಕಲ್ಲಿನ ಪಾಯ, ಇಟ್ಟಿಗೆ ಗೋಡೆಯ ಮೇಲೆ ಒಂದೇ ಅಂತಸ್ತಿಗೆಂದು ಕಟ್ಟಿದ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿರುವುದರಿಂದ ರಚನಾ ಸುರಕ್ಷತೆಯ ಪ್ರಮಾಣಪತ್ರವನ್ನೂ ಅದೇ ಕೈಯಲ್ಲಿ ಮಾಡಿಸಿ. ಅದನ್ನು ಬ್ಯಾಂಕೂ ಕೇಳುತ್ತದೆ, ಎಚ್ಚರದ ಖರೀದಿದಾರರೂ ಕೇಳುತ್ತಾರೆ.

ಆದ್ದರಿಂದ ಹಿಂದಿನ ಆ 70 ಚದರ ಅಡಿಯ ಕೋಣೆಯನ್ನು ನೀವೇ ತೆಗೆಸಿಬಿಡಿ ಎನ್ನುತ್ತೇನೆ. ಅದರ ಮೇಲೆ ಮಹಡಿಯ ಭಾರವಿಲ್ಲ, ಅದರಿಂದ ಮನೆಯ ಬೆಲೆಗೆ ಸೇರುವುದು ಅಲ್ಪ, ಪಕ್ಕದವರ ದೂರಿನ ಮೂಲವೂ ಅದೇ. ತೆಗೆಸುವ ಮೊದಲು, ತೆಗೆದ ನಂತರ ದಿನಾಂಕ ಕಾಣುವಂತೆ ಫೋಟೊ ತೆಗೆದು, ಇಷ್ಟು ಭಾಗವನ್ನು ಸ್ವಇಚ್ಛೆಯಿಂದ ತೆರವುಗೊಳಿಸಿದ್ದೇನೆಂದು 2009ರ ನೋಟಿಸಿನ ಸಂಖ್ಯೆಯನ್ನು ಉಲ್ಲೇಖಿಸಿ ವಲಯ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಹದಿನೈದು ವರ್ಷಕ್ಕೂ ಹಳೆಯ ನೋಟಿಸಿಗೆ ಇದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ. ತೆಗೆಯಲು ಮನಸ್ಸಿಲ್ಲದಿದ್ದರೆ ಉಳಿಯುವ ದಾರಿ ಇರುವ ಹಾಗೆ ಮಾರುವುದು, ಅದರಿಂದ ಬೆಲೆಯಲ್ಲಿ ಕಳೆದುಕೊಳ್ಳುವುದು ಆ ಕೋಣೆಯ ಬೆಲೆಗಿಂತ ಹೆಚ್ಚೇ.

ಅಕ್ರಮ-ಸಕ್ರಮ ಬಂದಾಗ ಎಲ್ಲವೂ ಸರಿಹೋಗುತ್ತದೆಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಕೂರಬೇಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 76ಎಫ್‌ಎಫ್ ಕಲಂ ಅಡಿಯ ಆ ಯೋಜನೆಯಲ್ಲಿ ವಾಸದ ಮನೆಗಳ ಶೇಕಡಾ 50ರವರೆಗಿನ ಉಲ್ಲಂಘನೆಯನ್ನು ಸಕ್ರಮಗೊಳಿಸುವ ಅವಕಾಶವಿತ್ತು, 2013ರ ಅಕ್ಟೋಬರ್ 19ಕ್ಕೆ ಮೊದಲಿನ ಕಟ್ಟಡಗಳಿಗೆ ಮಾತ್ರ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ನಿಮ್ಮ ಮಹಡಿ 2004ರದ್ದಾದ್ದರಿಂದ ಆ ಗಡುವಿನೊಳಗೆ ಬರುತ್ತದೆ, ಮೀಟರು ಮತ್ತು ತೆರಿಗೆಯ ಹಳೆಯ ಕಾಗದಗಳನ್ನು ಇಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ. ಅವು ಕೊಳ್ಳುವವರಿಗೆ ಕೊಡಬಹುದಾದ ಒಂದು ಸಾಂತ್ವನ. ಮಾತುಕತೆಯಲ್ಲಿ ಅದನ್ನು ಭರವಸೆಯಾಗಿ ಮಾತ್ರ ಮಾರಬೇಡಿ.

ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ತೀರ್ಪು ಕೊಡುತ್ತಾ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವಂತೆ ಕೆಲವು ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡವನ್ನು ಭದ್ರತೆಯಾಗಿಟ್ಟುಕೊಂಡು ಸಾಲ ಕೊಡುವ ಬ್ಯಾಂಕುಗಳು ಪೂರ್ಣತಾ ಅಥವಾ ಸ್ವಾಧೀನಾನುಭವ ಪತ್ರವನ್ನು ಪರಿಶೀಲಿಸಿದ ನಂತರವೇ ಕೊಡಬೇಕೆಂಬುದು ಅವುಗಳಲ್ಲೊಂದು. ಆ ಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂಬುದು ಇನ್ನೊಂದು. ಅನಧಿಕೃತ ಕಟ್ಟಡಕ್ಕೆ ಹಣ ಸುರಿದಿದ್ದೇನೆಂಬುದಾಗಲಿ, ಅಧಿಕಾರಿಗಳು ಇಷ್ಟು ವರ್ಷ ಸುಮ್ಮನಿದ್ದರೆಂಬುದಾಗಲಿ ರಕ್ಷಣೆಯಾಗದು ಎಂದೂ ಆ ತೀರ್ಪು ಸ್ಪಷ್ಟಪಡಿಸಿತು. ಬ್ಯಾಂಕಿನ ಪ್ಯಾನೆಲ್ ವಕೀಲರು ಸಿ.ಆರ್. ಕೇಳಿದರೆ ಅವರ ಮೇಲೆ ಮುನಿಸಿಕೊಳ್ಳಬೇಡಿ. ಕೆಲವು ಬ್ಯಾಂಕುಗಳು ಮಂಜೂರಾದ ಭಾಗಕ್ಕೂ ನಿವೇಶನಕ್ಕೂ ಮಾತ್ರ ಬೆಲೆ ಕಟ್ಟಿ ಮಹಡಿಯನ್ನು ಲೆಕ್ಕದಿಂದ ಬಿಡುತ್ತವೆ. ಆಗ ಸಾಲದ ಮೊತ್ತ ಕಡಿಮೆಯಾಗಿ ಖರೀದಿದಾರರು ಕೈಯಿಂದ ಹೆಚ್ಚು ಹಾಕಬೇಕಾಗುತ್ತದೆ. ಇನ್ನು ಕೆಲವು ಬ್ಯಾಂಕುಗಳು ಅರ್ಜಿಯನ್ನೇ ವಾಪಸು ಮಾಡುತ್ತವೆ.

ಇದರಿಂದ ನಿಮ್ಮ ಖರೀದಿದಾರರು ಯಾರಾಗಿರಬೇಕೆಂಬುದೇ ಬದಲಾಗಬಹುದು. ಕುವೆಂಪುನಗರದಂಥ ಬಡಾವಣೆಯಲ್ಲಿ ಮೂವತ್ತು ವರ್ಷ ಹಳೆಯ ಮನೆಯ ಬೆಲೆಯ ಬಹುಪಾಲು ನಿವೇಶನದ್ದೇ. ಕೊಳ್ಳುವವರಲ್ಲಿ ಹಲವರು ಹಳೆಯ ಮನೆಯನ್ನು ಕೆಡವಿ ಹೊಸ ನಕ್ಷೆಯಲ್ಲಿ ಕಟ್ಟುವ ಯೋಚನೆಯಲ್ಲೇ ಬರುತ್ತಾರೆ. ಅಂಥವರಿಗೆ ಮೇಲ್ಮಹಡಿಯ ನಕ್ಷೆ ಇಲ್ಲವೆಂಬುದು ಚಿಂತೆಯಲ್ಲ. ಹಕ್ಕುಪತ್ರ, ನಿವೇಶನದ ನಾಲ್ಕು ಮೂಲೆ, ರಸ್ತೆಯ ಅಗಲ ಇಷ್ಟು ಸರಿಯಾಗಿದ್ದರೆ ಸಾಕು. ಹಳೆಯ ಮನೆಗೆ ಬೆಲೆ ಹೇಳದೆ, "ನಿವೇಶನದ ದರ, ಕಟ್ಟಡ ಇರುವ ಹಾಗೆ" ಎಂದು ಮಾತು ಆರಂಭಿಸಿದರೆ ನಿಮ್ಮ ತಲೆನೋವಿನ ಬಹುಭಾಗ ಕಳೆಯುತ್ತದೆ. ಈಗ ಬಂದಿರುವ ಸಾಲದ ಖರೀದಿದಾರರು ಎರಡು ಮನೆಯ ಬಾಡಿಗೆಯ ಲೆಕ್ಕ ಹಾಕಿಕೊಂಡು ಬಂದವರಾಗಿದ್ದರೆ, ಅವರು ನಿಮ್ಮ ಮನೆಗೆ ತಕ್ಕ ಗಿರಾಕಿಯೇ ಎಂಬುದನ್ನು ಇನ್ನೊಮ್ಮೆ ಯೋಚಿಸಿ.

ಯಾರಿಗೆ ಮಾರಿದರೂ ನೋಟಿಸಿನ ವಿಷಯ ಹೇಳಲೇಬೇಕು. ಸ್ವತ್ತು ವರ್ಗಾವಣೆ ಕಾಯ್ದೆಯ 55(1)(ಎ) ಪ್ರಕಾರ, ಮಾರುವವರಿಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರಿಗೆ ಕಾಣದಂಥ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ತಿಳಿಸದಿರುವುದನ್ನು ಅದೇ ಕಲಂ ವಂಚನೆ ಎಂದು ಕರೆಯುತ್ತದೆ. ನಿಮ್ಮ ಮಧ್ಯವರ್ತಿಯವರ ವಾದ ನನಗೆ ಗೊತ್ತು: "ನಕ್ಷೆ ಕೇಳಿ ನೋಡಿದರೆ ಅವರಿಗೇ ಗೊತ್ತಾಗುತ್ತದೆ, ನಾವೇಕೆ ಹೇಳಬೇಕು?" ಮಹಡಿಗೆ ನಕ್ಷೆ ಇಲ್ಲವೆಂಬುದರ ಮಟ್ಟಿಗೆ ಆ ವಾದ ಸ್ವಲ್ಪ ನಿಲ್ಲಬಹುದು. ಆದರೆ ಪಾಲಿಕೆಯ ನೋಟಿಸು ಎಲ್ಲಿ ಕಾಣುತ್ತದೆ? ಋಣಭಾರ ಪ್ರಮಾಣಪತ್ರದಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಬರುತ್ತವೆ. ಕೊಳ್ಳುವವರು ಎಷ್ಟು ವರ್ಷದ ಇ.ಸಿ. ತೆಗೆಸಿದರೂ 2009ರ ನೋಟಿಸು ಅದರಲ್ಲಿ ಇರುವುದಿಲ್ಲ. ಅದು ಇರುವುದು ನಿಮ್ಮ ಬೀರುವಿನಲ್ಲಿ, ಪಾಲಿಕೆಯ ಕಡತದಲ್ಲಿ. ಹೀಗೆ ನಿಮಗೆ ಮಾತ್ರ ಗೊತ್ತಿರುವ ದೋಷವನ್ನು ಮುಚ್ಚಿಟ್ಟರೆ ಕರಾರು ಕಾಯ್ದೆಯ 17 ಮತ್ತು 19ನೇ ಕಲಂಗಳಡಿ ಕ್ರಯವನ್ನೇ ರದ್ದುಪಡಿಸುವಂತೆ ಕೇಳಬಹುದು, ಮತ್ತು ಅದಕ್ಕಿರುವ ಮೂರು ವರ್ಷಗಳ ಕಾಲಮಿತಿ ಆರಂಭವಾಗುವುದು ಮೋಸ ತಿಳಿದ ದಿನದಿಂದ. ಮಾರಿದ ಹಣವನ್ನು ಮಕ್ಕಳ ಮನೆಗೋ ವೃದ್ಧಾಪ್ಯದ ಖರ್ಚಿಗೋ ತೊಡಗಿಸಿದ ಮೇಲೆ ಅಂಥ ದಾವೆಯನ್ನು ಎದುರಿಸುವುದು ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಹೇಳುವುದನ್ನು ಬಾಯಿಮಾತಿನಲ್ಲಿ ಹೇಳಿದರೆ ಹೇಳದಂತೆಯೇ. ಕ್ರಯದ ಕರಾರಿನಲ್ಲೂ ಕ್ರಯಪತ್ರದಲ್ಲೂ ಅದು ಬರಬೇಕು. ಪತ್ರಬರಹಗಾರರು ಒಂದು ಸಿದ್ಧ ವಾಕ್ಯವನ್ನು ಕಣ್ಣು ಮುಚ್ಚಿ ಟೈಪು ಮಾಡಿಸುತ್ತಾರೆ: "ಸದರಿ ಸ್ವತ್ತಿನ ಮೇಲೆ ಯಾವುದೇ ಋಣಭಾರ, ನೋಟಿಸು, ತಂಟೆ ತಕರಾರು ಇರುವುದಿಲ್ಲ, ಮುಂದೆ ಕಂಡುಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡಲು ಬದ್ಧನಾಗಿರುತ್ತೇನೆ." ನಿಮ್ಮ ಸ್ಥಿತಿಯಲ್ಲಿ ಈ ವಾಕ್ಯದ ಮೊದಲರ್ಧ ಸುಳ್ಳು, ಎರಡನೆಯರ್ಧ ಮಿತಿಯಿಲ್ಲದ ಹೊಣೆ. ಅದರ ಕೆಳಗೆ ಸಹಿ ಹಾಕಬೇಡಿ. ಬದಲಿಗೆ ಈ ಅರ್ಥ ಬರುವಂತೆ ಬರೆಸಿ: "ಷೆಡ್ಯೂಲ್ ಸ್ವತ್ತಿನ ನೆಲಮಹಡಿಗೆ 1991ರ ಮಂಜೂರಾದ ನಕ್ಷೆ ಇರುತ್ತದೆ. ಮೊದಲನೇ ಮಹಡಿಯ 690 ಚದರ ಅಡಿಗೆ ಮಂಜೂರಾದ ನಕ್ಷೆ ಇರುವುದಿಲ್ಲ. ಈ ಬಗ್ಗೆ ಪಾಲಿಕೆಯು 2009ರಲ್ಲಿ ನೀಡಿದ ನೋಟಿಸಿನ ಹಾಗೂ ಅದಕ್ಕೆ ನೀಡಿದ ಉತ್ತರದ ನಕಲುಗಳನ್ನು ಕ್ರಯಕ್ಕೆ ಪಡೆಯುವವರು ಪಡೆದು, ಓದಿ, ತಿಳಿದುಕೊಂಡಿರುತ್ತಾರೆ. ಕ್ರಯದ ಮೊಬಲಗನ್ನು ಈ ಅಂಶವನ್ನು ಗಣನೆಗೆ ತೆಗೆದುಕೊಂಡೇ ನಿಗದಿಪಡಿಸಲಾಗಿರುತ್ತದೆ." ಹಕ್ಕಿನ ಬಗ್ಗೆ, ಕುಟುಂಬದವರ ತಕರಾರಿನ ಬಗ್ಗೆ ಮಾಮೂಲು ಭರವಸೆ ಕೊಡಿ, ಅದು ನ್ಯಾಯ, ಕಟ್ಟಡ ನಿಯಮದ ವಿಷಯವನ್ನು ಮಾತ್ರ ಅದರಿಂದ ಹೊರಗಿಡಿಸಿ. ವಕೀಲರು ನಿಮ್ಮ ಕರಡಿಗೆ ಭಾಷೆಯ ಬಿಗಿ ಕೊಡುತ್ತಾರೆ, ಆದರೆ ನೋಟಿಸಿನ ಸಂಖ್ಯೆ, ದಿನಾಂಕ, ಚದರ ಅಡಿ ಇವನ್ನು ನೀವೇ ಕೂತು ಓದಿ ತಾಳೆ ನೋಡಬೇಕು.

ಮುಂಗಡದ ಷರತ್ತುಗಳಲ್ಲಿಯೂ ಎಚ್ಚರವಿರಲಿ. ನಕ್ಷೆಯ ಕಾರಣಕ್ಕೆ ಬ್ಯಾಂಕು ಲಿಖಿತವಾಗಿ ಸಾಲ ನಿರಾಕರಿಸಿದರೆ ಮುಂಗಡವನ್ನು ಇಷ್ಟು ದಿನದೊಳಗೆ ಬಡ್ಡಿಯಿಲ್ಲದೆ ಹಿಂತಿರುಗಿಸುವುದು, ಇಬ್ಬರೂ ಪರಸ್ಪರ ನಷ್ಟ ಕೇಳದಿರುವುದು ಎಂದು ಬರೆಸಿ. ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ ಅದು ಮುಗಿಯುವ ಮೊದಲೇ ಕ್ರಯ ಮಾಡುವುದಾದರೆ, ದಂಡ ಮತ್ತು ಶುಲ್ಕವನ್ನು ಯಾರು ಎಷ್ಟರವರೆಗೆ ಕಟ್ಟಬೇಕೆಂದು ಒಂದು ಮೊತ್ತದಲ್ಲಿ ಹೇಳಿ, ಬೇಕಿದ್ದರೆ ಅಷ್ಟನ್ನು ಕ್ರಯದ ಹಣದಿಂದ ತಡೆಹಿಡಿದು ಮಂಜೂರಾತಿಯ ನಂತರ ಕೊಡುವಂತೆ ಒಪ್ಪಿಕೊಳ್ಳಬಹುದು. ಪೂರ್ತಿ ಹಣ ಕೈಸೇರದೆ ಬೀಗದ ಕೈ ಕೊಡಬೇಡಿ. ಮೇಲಿನ ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರ ಕರಾರು, ಮುಂಗಡ, ತೆರವಿನ ದಿನಾಂಕವನ್ನೂ ಕರಾರಿನಲ್ಲಿಯೇ ನಮೂದಿಸಿ.

ಕ್ರಯಪತ್ರದ ಷೆಡ್ಯೂಲಿನಲ್ಲಿ ಕೆಳಮನೆ ಮಾತ್ರ ಬರೆಸುವ ಸಲಹೆಗೆ ಎರಡು ಮಾತಿನ ಉತ್ತರ ಸಾಕು. ಇರುವ ಕಟ್ಟಡವನ್ನು ಮರೆಮಾಚಿದರೆ ಮಾರುಕಟ್ಟೆ ಮೌಲ್ಯ ಕಡಿಮೆ ತೋರಿಸಿದಂತಾಗಿ ಕರ್ನಾಟಕ ಮುದ್ರಾಂಕ ಕಾಯ್ದೆಯ 45ಎ ಕಲಂ ಅಡಿ ಪ್ರಕರಣ ಜಿಲ್ಲಾ ನೋಂದಣಾಧಿಕಾರಿಯವರಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮಗೆ ಮಹಡಿಯ ದೋಷ ಗೊತ್ತಿದ್ದೂ ಅಡಗಿಸಿದಿರಿ ಎಂಬುದಕ್ಕೆ ನಿಮ್ಮ ಸಹಿಯಿರುವ ನೋಂದಾಯಿತ ಸಾಕ್ಷಿ ಅದೇ ಆಗುತ್ತದೆ.

ಉಳಿದದ್ದು ಜಿಪಿಎ. ಜನರಲ್ ಪವರ್ ಆಫ್ ಅಟಾರ್ನಿ, ಕ್ರಯದ ಕರಾರು, ಉಯಿಲು ಇವುಗಳ ಮೂಲಕ ಸ್ಥಿರಾಸ್ತಿಯ ಹಕ್ಕು ವರ್ಗಾವಣೆಯಾಗುವುದಿಲ್ಲವೆಂದು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಲ ಸಿಗದ ಖರೀದಿದಾರರಿಂದ ಹಣ ಪಡೆದು ಜಿಪಿಎ ಬರೆದುಕೊಟ್ಟರೆ ದಾಖಲೆಯಲ್ಲಿ ಮಾಲೀಕರು ನೀವೇ ಆಗಿ ಉಳಿಯುತ್ತೀರಿ. ಮನೆ ಅವರ ಕೈಯಲ್ಲಿ, ತೆರಿಗೆಯ ಬಾಕಿ ನಿಮ್ಮ ಹೆಸರಿನಲ್ಲಿ. ಅವರು ಮೇಲೆ ಇನ್ನೊಂದು ಅಂತಸ್ತು ಏರಿಸಿದರೂ 321ನೇ ಕಲಂ ಅಡಿಯ ಮುಂದಿನ ನೋಟಿಸು ಬರುವುದು ಖಾತೆದಾರರಾದ ನಿಮಗೆ. ಸಾಲ ಸಿಗದವರಿಗೆ ಮುಂಗಡ ಹಿಂತಿರುಗಿಸಿ, ಹಿಂದಿನ ಕೋಣೆಯನ್ನು ತೆಗೆಸಿ, ನಿವೇಶನದ ದರಕ್ಕೆ ಇನ್ನೊಬ್ಬರನ್ನು ಹುಡುಕಲು ಮೂರ್ನಾಲ್ಕು ತಿಂಗಳು ಹೆಚ್ಚು ಹಿಡಿದರೂ, ನೋಂದಾಯಿತ ಕ್ರಯಪತ್ರವಿಲ್ಲದೆ ಈ ಮನೆಯನ್ನು ಬಿಟ್ಟುಕೊಡಬೇಡಿ.